ಬಿಟ್ಟು ಓದಿದ ಸಾಲು

ಜೂನ್ ಹನ್ನೊಂದು
ಬೈಂಡಿಂಗ್ ಮನೆ, ರಟ್ಟಿನ ಅಟ್ಟಿಯ ಮರೆಯಲ್ಲಿ ಕೂತು ಬರೆದದ್ದು

ಅಕ್ಕನ ಮಗಳು, ನನ್ನ ಪಾಲಿನ ಜೀರಿಗೆಗೆ ಮಾವ ಮಾಡುವ ಆಶೀರ್ವಾದ, ಒಂದು ಹೊರೆ.

ಚಂದ್ರನ ಮೇಲೆ ನೀರಿದೆ ಎಂದು ಲೋಕದಲ್ಲಿ ಮೊಟ್ಟಮೊದಲು ಹೇಳಿದವನು ನಾನು. ಇದು ನಿನಗೆ ತಿಳಿದಿರಲಿ. ದೊಡ್ಡ ದೊಡ್ಡವರು ಆಮೇಲೆ ಯಂತ್ರ ಕಳಿಸಿ, ಕೆರೆದು, ಅಳೆದು, ಈ ಮನುಷ್ಯ ಹೇಳಿದ್ದು ಸರಿ ಎಂದು ಒಪ್ಪಿಕೊಂಡರು. ಎಲ್ಲೂ ನನ್ನ ಹೆಸರು ಹಾಕಲಿಲ್ಲ. ಅದು ಅವರವರ ದೊಡ್ಡತನ, ನಾನೇನೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟೊಂದು ತಿಳಿವಳಿಕೆ ಎಲ್ಲಿಂದ ಬಂತು ಎಂದು ನಿಮ್ಮಮ್ಮ ಈಗಲೂ ಆಶ್ಚರ್ಯಪಡುತ್ತಾಳೆ. ಆಶ್ಚರ್ಯ ಎಂದೆನೇ, ಬೈಯುತ್ತಾಳೆ. ನನ್ನ ಮಟ್ಟಿಗೆ ಎರಡೂ ಒಂದೇ.

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಪ್ರಯೋಗಶಾಲೆಯ ಇಲಿಗಳೂ ಚೆನ್ನಾಗಿರಲಿ. ಈ ಮಾತು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು, ಯಾಕೆ ಎಂಬುದು ಮುಂದೆ ಬರುತ್ತದೆ. ನಿನ್ನಿಂದ ಒಂದು ಸಣ್ಣ ಉಪಕಾರ ಆಗಬೇಕು. ಒಂದು ಕಾಗದ ಬರೆಯಬೇಕು, ಅಷ್ಟೇ. ಒಂದು ಪುಟ ಸಾಕು. ಏನು ಬರೆಯಬೇಕು ಎಂಬುದನ್ನೂ ನಾನೇ ಹೇಳಿಕೊಡುತ್ತೇನೆ. ಅದಕ್ಕೆ ಮೊದಲು ಇಲ್ಲಿ ನಡೆದದ್ದು ನಿನಗೆ ಗೊತ್ತಾಗಬೇಕು.

ನಮ್ಮ ಬೈಂಡಿಂಗ್ ಮನೆಯ ಪದ್ಧತಿ ನಿನಗೆ ಅರ್ಧ ಗೊತ್ತು. ಉದ್ದನೆಯ ಒಂದೇ ಕೋಣೆ. ಕಿಟಕಿಯ ಕಡೆ ಹಾಳೆ ಮಡಚುವವರು, ನಡುವೆ ಹೊಲಿಯುವವರು, ಗೋಡೆಯ ಕಡೆ ರಟ್ಟಿಗೆ ಬಟ್ಟೆ ಅಂಟಿಸುವವರು, ಮೂಲೆಯಲ್ಲಿ ಅಂಟು ಕಾಯಿಸುವ ಒಲೆ, ಬಾಗಿಲ ಪಕ್ಕ ಕತ್ತರಿಸುವ ಯಂತ್ರ. ಒಟ್ಟು ಹದಿನಾಲ್ಕು ಜನ. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳಿಗಾಗಿ ಒಬ್ಬನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಪೇಪರು ಓದಿಸುತ್ತಾರೆ, ಬೆಳಿಗ್ಗೆ ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ. ಅಷ್ಟು ಹೊತ್ತು ಅವನು ಮಡಚಬೇಕಾದ ಹಾಳೆಗಳನ್ನು ಉಳಿದ ಹದಿಮೂರು ಜನ ಹಂಚಿಕೊಂಡು ಮಡಚುತ್ತಾರೆ. ಇಪ್ಪತ್ತೆರಡು ವರ್ಷದಿಂದ ಆ ಸ್ಟೂಲು ನನ್ನದು. ಊರ ಪುಸ್ತಕಕ್ಕೆಲ್ಲ ಬೆನ್ನು ಹೊಲಿಯುವ ಈ ಮನೆಯಲ್ಲಿ ಸರಾಗವಾಗಿ ಓದಬಲ್ಲವನು ನಾನೊಬ್ಬನೇ. ಯಜಮಾನನಿಗೂ ಬರುತ್ತದೆ, ಆದರೆ ಅವನು ಬಿಲ್ಲು ಬಿಟ್ಟು ಬೇರೆ ಓದಿದ್ದನ್ನು ಯಾರೂ ನೋಡಿಲ್ಲ.

ಓದುವ ವಿದ್ಯೆ ನನಗೆ ಹೇಗೆ ಬಂತು ಎಂದರೆ, ನಮ್ಮ ಹಳ್ಳಿಯ ಶಾಲೆಗೆ ಒಬ್ಬರೇ ಮೇಷ್ಟ್ರು, ಐದು ಕ್ಲಾಸು. ಊಟವಾದ ಮೇಲೆ ಮೇಷ್ಟ್ರಿಗೆ ಕಣ್ಣು ಎಳೆಯುತ್ತಿತ್ತು. ಪುಸ್ತಕ ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಓದೋ, ನಿಲ್ಲಿಸಿದರೆ ನನಗೆ ಎಚ್ಚರ ಆಗುತ್ತೆ ಎಂದು ಹೇಳಿ ಮಲಗಿಬಿಡುತ್ತಿದ್ದರು. ನಿಲ್ಲಿಸುವ ಹಾಗಿಲ್ಲ. ಕಷ್ಟದ ಪದ ಎದುರಾದರೆ ಏನು ಮಾಡುವುದು? ಹಾರಿಸಿ ಮುಂದಕ್ಕೆ ಓಡುತ್ತಿದ್ದೆ. ಐದು ಕ್ಲಾಸಿನ ಹುಡುಗರಲ್ಲಿ ಒಬ್ಬನಿಗೂ ಅದು ತಿಳಿಯುತ್ತಿರಲಿಲ್ಲ, ಮೇಷ್ಟ್ರಿಗೆ ಎಚ್ಚರವೂ ಆಗುತ್ತಿರಲಿಲ್ಲ. ನಾನು ಶಾಲೆಯಲ್ಲಿ ಕಲಿತದ್ದು ಇದು.

ಇಲ್ಲಿಗೆ ಬಂದ ಮೇಲೆ ಹಾರಿಸುವ ವಿದ್ಯೆ ಇನ್ನಷ್ಟು ಹದವಾಯಿತು. ಕಷ್ಟದ ಪದದ ಜೊತೆಗೆ ಕೆಟ್ಟ ಪದವನ್ನೂ ಹಾರಿಸತೊಡಗಿದೆ. ಬಸ್ಸು ಉರುಳಿ ಹನ್ನೆರಡು ಜನ ಹೋದರು ಎಂದು ಬರೆದಿದ್ದರೆ ನಾನು ಏಳು ಎಂದು ಓದುತ್ತಿದ್ದೆ. ಹೊಲಿಯುವವರ ಸಾಲಿನಲ್ಲಿ ಡ್ರೈವರನ ಹೆಂಡತಿ ಒಬ್ಬಳಿದ್ದಾಳೆ, ಅವಳ ದಬ್ಬಣ ನಡುಗುವುದನ್ನು ನೋಡಲಾರೆ. ಹೀಗೆ ನಾನು ಓದುವ ಪೇಪರಿನಲ್ಲಿ ವರ್ಷಕ್ಕೆ ನಲವತ್ತೈವತ್ತು ಜನರ ಪ್ರಾಣ ಉಳಿಯುತ್ತಿತ್ತು. ಯಾವ ಡಾಕ್ಟರು ಇಷ್ಟು ಮಾಡಿದ್ದಾನೆ ಹೇಳು.

ಜನಕ್ಕೆ ಎಲ್ಲಕ್ಕಿಂತ ಇಷ್ಟ ವಿಜ್ಞಾನದ ಸುದ್ದಿ. ರಾಜಕೀಯ ಓದಿದರೆ ಆಕಳಿಸುತ್ತಾರೆ, ನಕ್ಷತ್ರ ಎಂದರೆ ಕೈ ನಿಧಾನವಾಗುತ್ತದೆ. ಒಮ್ಮೆ ಒಂದು ದೊಡ್ಡ ದೂರದರ್ಶಕ ಹಳೆಯ ಬೆಳಕೊಂದನ್ನು ಹಿಡಿದದ್ದನ್ನು ಓದಿದೆ. ಆ ಬೆಳಕು ಹೊರಟಾಗ ಭೂಮಿ ಇನ್ನೂ ಹುಟ್ಟೇ ಇರಲಿಲ್ಲವಂತೆ. ಆಗ ಮೂಲೆಯಿಂದ ಗೋಂದಣ್ಣ, ಹಾಗಾದರೆ ನಮ್ಮ ಅಂಚೆಯವನೇ ವಾಸಿ ಕಣಯ್ಯಾ ಪಂಡಿತ, ಅಂದ. ಇಡೀ ಕೋಣೆ ನಕ್ಕಿತು. ಅವನ ದನಿಯೇ ಹಾಗೆ. ಅಂಟಿನ ಮಡಕೆಯೊಳಗೆ ಮುಖ ಇಟ್ಟುಕೊಂಡೇ ಹೇಳಿದರೂ ಬಾಗಿಲ ಹೊರಗೆ ಬೀದಿಯವರೆಗೆ ಕೇಳುತ್ತಿತ್ತು.

ಗೋಂದಣ್ಣ ಎಂದರೆ ನಮ್ಮ ಅಂಟು ಕಾಯಿಸುವವನು. ನನಗಿಂತ ಆರು ವರ್ಷ ದೊಡ್ಡವನು. ಅವನ ಹೆಂಡತಿಯೂ ಇಲ್ಲೇ, ರಟ್ಟಿನ ಸಾಲಿನಲ್ಲಿ. ನಾನು ಅತ್ತಿಗೆ ಎನ್ನುತ್ತೇನೆ, ಅವಳು ನನ್ನನ್ನು ಪಂಡಿತಪ್ಪ ಎನ್ನುತ್ತಾಳೆ. ಅವಳಿಗೆ ಅಕ್ಷರ ಗೊತ್ತು, ಕೂಡಿಸಿ ಓದಲು ತುಂಬ ಹೊತ್ತು ಬೇಕು. ಗಂಡಹೆಂಡಿರು ಸೇರಿದರೆ ಮಾತು ನಿಲ್ಲದು. ಮಾತನಾಡಲು ದುಡ್ಡು ಕೊಡುತ್ತಿದ್ದರೆ ಈ ಹೊತ್ತಿಗೆ ಈ ಕಟ್ಟಡ ಅವರದೇ ಆಗಿರುತ್ತಿತ್ತು.

ಹೋದ ಚಳಿಗಾಲದಿಂದ ಅವನ ಗಂಟಲು ಕಟ್ಟಿತು. ಅಂಟಿನ ಹಬೆ ಎಂದ, ನೆಗಡಿ ಎಂದ. ಫೆಬ್ರವರಿ ಕೊನೆಯಲ್ಲಿ ಅತ್ತಿಗೆ ಎಳೆದುಕೊಂಡು ಹೋಗಿ ದೊಡ್ಡಾಸ್ಪತ್ರೆಗೆ ತೋರಿಸಿದಳು. ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ. ಕೆಟ್ಟ ಜಾತಿಯದು, ಆದರೆ ಇನ್ನೂ ಪೆಟ್ಟಿಗೆ ದಾಟಿಲ್ಲ, ಪೆಟ್ಟಿಗೆಯನ್ನೇ ತೆಗೆದುಬಿಟ್ಟರೆ ಬದುಕುತ್ತೀರಿ, ದನಿ ಮಾತ್ರ ಹೋಗುತ್ತದೆ ಎಂದರು ಡಾಕ್ಟರು. ಮಾರ್ಚ್ ಹತ್ತೊಂಬತ್ತಕ್ಕೆ ಆಪರೇಷನ್ ಗೊತ್ತಾಯಿತು. ಅವನು ಮರುದಿನ ಕೆಲಸಕ್ಕೆ ಬಂದು, ಇನ್ನು ಹದಿನೈದಿಪ್ಪತ್ತು ದಿನ ಇದೆ, ಬೈಯಬೇಕಾದವರನ್ನೆಲ್ಲ ಬೈದು ಮುಗಿಸುತ್ತೇನೆ, ಸಾಲಾಗಿ ನಿಲ್ಲಿ ಎಂದ. ಕತ್ತರಿಸುವ ಯಂತ್ರದವನು, ಅವನನ್ನು ನಾವು ಬ್ಲೇಡು ಎನ್ನುತ್ತೇವೆ, ಮೊದಲು ನನ್ನನ್ನೇ ಬೈಯಣ್ಣಾ ಎಂದು ಮುಂದೆ ಬಂದ. ಯಾರೂ ನಗಲಿಲ್ಲ.

ಮಾರ್ಚ್ ನಾಲ್ಕು. ಊಟವಾದ ಮೇಲಿನ ಓದು. ಒಳಪುಟದಲ್ಲಿ ದಪ್ಪ ಅಕ್ಷರದ ತಲೆಬರಹ: ಮನುಕುಲಕ್ಕೆ ವರದಾನ, ಕತ್ತಿ ಇಲ್ಲದೆ ಕರಗುವ ಗಂಟಲ ಗೆಡ್ಡೆ. ಮೈಯೊಳಗಿನ ಕಾವಲುಗಾರರಿಗೆ ಗೆಡ್ಡೆಯ ಗುರುತು ಹೇಳಿಕೊಡುವ ಒಂದು ಚುಚ್ಚುಮದ್ದು. ಇಪ್ಪತ್ತರಲ್ಲಿ ಹದಿನೇಳಕ್ಕೆ ಗೆಡ್ಡೆ ಪೂರ್ತಿ ಮಾಯ. ನಾನು ತಲೆಬರಹ ಓದಿದ ಕೂಡಲೇ ಗೋಂದಣ್ಣನ ಬ್ರಷ್ಷು ಮಡಕೆಯ ಅಂಚಿನಲ್ಲಿ ನಿಂತಿತು. ಅಂಟು ಕೆಳಗೆ ತೊಟ್ಟಿಕ್ಕುತ್ತಿತ್ತು, ಅವನು ನೋಡಲಿಲ್ಲ. ಆಮೇಲಿನ ಸಾಲಿನ ಮೇಲೆ ನನ್ನ ಕಣ್ಣು ಮೊದಲು ಹೋಯಿತು, ಬಾಯಿ ಹಿಂದೆ. ಇಪ್ಪತ್ತು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಎಂದಿತ್ತು. ನಾನು ಇಪ್ಪತ್ತರ ಮೇಲೆ ನಡೆಸಿದ ಪ್ರಯೋಗದಲ್ಲಿ ಎಂದು ಓದಿದೆ. ಕೊನೆಯಲ್ಲಿ ಮನುಷ್ಯರಿಗೆ ತಲುಪಲು ವರ್ಷಗಳೇ ಬೇಕು ಎಂಬ ಒಂದು ಸಾಲಿತ್ತು. ಅದನ್ನೂ ಹಾರಿಸಿದೆ.

ಎಷ್ಟು ಸುಲಭ ನೋಡು ಜೀರಿಗೆ. ಎರಡು ಅಕ್ಷರದ ಒಂದು ಪ್ರಾಣಿ.

ಬ್ಲೇಡು ಯಂತ್ರ ನಿಲ್ಲಿಸಿ, ಎಲ್ಲಿ ಕೊಡ್ತಾರಂತೆ ಅದನ್ನು, ಇನ್ನೊಂದು ಸಲ ಓದಿ, ಎಂದ. ನಾನು ಪೇಪರು ಮಡಚಿ, ಇನ್ನೊಂದು ಸಲ ಓದುವುದೇನು, ಅದನ್ನು ತಯಾರು ಮಾಡುವ ಕಡೆ ನಮ್ಮ ಅಕ್ಕನ ಮಗಳೇ ದೊಡ್ಡ ಹುದ್ದೆಯಲ್ಲಿದ್ದಾಳೆ, ಒಂದು ಕಾಗದ ಹಾಕಿದರೆ ಸಾಕು ಎಂದೆ. ಅತ್ತಿಗೆ ಕೈಯಲ್ಲಿದ್ದ ರಟ್ಟು ಕೆಳಗಿಟ್ಟು, ಪಂಡಿತಪ್ಪಾ, ನಿನ್ನ ಬಾಯಿಗೆ ಸಕ್ಕರೆ ಹಾಕ್ತೀನಿ ಎಂದಳು. ನೀನು ಅಲ್ಲಿ ಇಲಿಗಳ ತೂಕ ಬರೆದಿಟ್ಟು, ಬೋನು ತೊಳೆಸಿ, ಹನ್ನೆರಡು ಗಂಟೆ ನಿಂತು ಕೆಲಸ ಮಾಡುವುದು ನನಗೆ ಗೊತ್ತಿಲ್ಲ ಎಂದಲ್ಲ.

ಮಾರನೇ ದಿನ ಸರಿ ಮಾಡಬೇಕು ಎಂದುಕೊಂಡೆ. ಮಾರನೇ ದಿನ ಅವನು ಒಲೆ ಹಚ್ಚುತ್ತ, ಒಡಕು ದನಿಯಲ್ಲಿ ಏನೋ ಗುನುಗುತ್ತಿದ್ದ. ಆರನೇ ತಾರೀಖು ನಿನಗೆ ಕಾಗದ ಹಾಕಿದೆ. ಹತ್ತೊಂಬತ್ತು ಬಂತು, ಅವನು ಆಸ್ಪತ್ರೆಗೆ ಹೋಗಲಿಲ್ಲ. ಹುಡುಗಿಯ ಉತ್ತರ ಬರಲಿ, ಕತ್ತಿ ಎಲ್ಲಿಗೂ ಓಡಿಹೋಗಲ್ಲ ಎಂದ. ನಿನ್ನ ಉತ್ತರ ನನ್ನ ಕೈ ಸೇರುವ ಹೊತ್ತಿಗೆ ಆ ದಿನ ದಾಟಿಹೋಗಿತ್ತು. ನೀನು ಬೇಗನೆ ಬರೆದಿರುತ್ತೀಯ, ನಮ್ಮ ಕಡೆಯ ಅಂಚೆ ನಿನಗೆ ಗೊತ್ತೇ ಇದೆ. ಬಂದ ಮೇಲೆ ಒಂಬತ್ತು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ, ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಅದು ಎಲ್ಲೋ ಕಳೆದುಹೋಯಿತು.

ನೀನು ಬರೆದದ್ದು ಮರೆತಿಲ್ಲ. ಮಾವ, ಅದು ಇಲಿಗಳಲ್ಲಿ ಮಾತ್ರ ಆದದ್ದು, ಇಂಥವು ನೂರು ಬಂದರೆ ತೊಂಬತ್ತಕ್ಕಿಂತ ಹೆಚ್ಚು ಇಲಿಯ ಹತ್ತಿರವೇ ನಿಂತುಬಿಡುತ್ತವೆ, ಉಳಿದದ್ದಕ್ಕೂ ಹತ್ತು ಹನ್ನೆರಡು ವರ್ಷ ಬೇಕು ಎಂದಿದ್ದೆ. ಅವರಿಗೆ ಈಗ ಇರುವ ಒಂದೇ ಮದ್ದು ಕತ್ತಿ, ಗೊತ್ತಾದ ದಿನಕ್ಕೇ ಹೋಗಲಿ ಎಂದಿದ್ದೆ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಇನ್ನೂ ಒಂದು ಮಾತಿತ್ತು. ಆಪರೇಷನ್ನಿಗೆ ಮೊದಲು ಅವರ ದನಿಯನ್ನು ಒಂದಷ್ಟು ಗಂಟೆ ರೆಕಾರ್ಡ್ ಮಾಡಿ ಇಡಿ, ಆಮೇಲೆ ಅವರು ಅಕ್ಷರ ಒತ್ತಿದರೆ ಅವರದೇ ದನಿಯಲ್ಲಿ ಮಾತನಾಡುವ ಯಂತ್ರ ಬಂದಿದೆ, ಅದು ಇಲಿಯದಲ್ಲ, ನಿಜವಾಗಿಯೂ ಸಿಗುತ್ತದೆ, ನಾನೇ ವಿಚಾರಿಸಿ ಕೊಡುತ್ತೇನೆ ಎಂದು. ವಿಜ್ಞಾನ ಅವನಿಗಾಗಿ ತಂದಿಟ್ಟಿದ್ದ ಒಂದೇ ಒಂದು ಸುದ್ದಿ ಅದು. ಅದನ್ನು ನಾನು ಓದಲೇ ಇಲ್ಲ.

ಓದದೆ ಇದ್ದರೂ ಬಾಯಿ ಸುಮ್ಮನಿರಬೇಕಲ್ಲ. ಉತ್ತರ ಬಂತೇನೋ ಪಂಡಿತ ಎಂದು ಅವನು ದಿನಾ ಕೇಳುತ್ತಿದ್ದ. ಇನ್ನೂ ಇಲ್ಲ, ಆದರೆ ಇವತ್ತಿನ ಪೇಪರಿನಲ್ಲಿ ಮದ್ದು ಕೊನೆಯ ಪರೀಕ್ಷೆ ದಾಟಿತು ಎಂದು ಹಾಕಿದ್ದಾರೆ ಎನ್ನುತ್ತಿದ್ದೆ. ಎರಡು ವಾರ ಬಿಟ್ಟು ಹಡಗಿನಲ್ಲಿ ಹೊರಟಿತು ಎಂದೆ. ಹಡಗಿನಲ್ಲಿ ಯಾಕೆ, ವಿಮಾನ ಇಲ್ಲವಾ ಎಂದು ಬ್ಲೇಡು ಕೇಳಿದ. ಎತ್ತರಕ್ಕೆ ಹೋದರೆ ಮದ್ದು ಹೆಪ್ಪುಗಟ್ಟುತ್ತೆ ಕಣೋ ಎಂದೆ. ಇಂಥ ಮಾತು ನನಗೆ ಎಷ್ಟು ಬೇಕಾದರೂ ಹುಟ್ಟುತ್ತದೆ, ನಿನಗೆ ಗೊತ್ತು. ಏಪ್ರಿಲ್ ಮುಗಿಯುವ ಹೊತ್ತಿಗೆ ಗೋಂದಣ್ಣನ ದನಿ ಕಾಗದ ಉಜ್ಜಿದ ಹಾಗೆ ಆಯಿತು, ಮೇ ತಿಂಗಳಲ್ಲಿ ಅದೂ ಇಲ್ಲ. ಉಸಿರಾಡುವಾಗ ಸಿಳ್ಳೆ ಕೇಳುತ್ತಿತ್ತು. ಅಂಟು ಕಾಯಿಸುವುದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಒಲೆಯ ಪಕ್ಕ ಬರಿದೇ ಓದು ಕೇಳಲು ಬಂದು ಕೂರುತ್ತಿದ್ದ.

ನಮ್ಮಲ್ಲಿ ಓದಿದ ಪೇಪರನ್ನು ಎಸೆಯುವುದಿಲ್ಲ. ಮೂಲೆಯಲ್ಲಿ ಒಟ್ಟಿ, ಎರಡು ಮೂರು ತಿಂಗಳಾದ ಮೇಲೆ ತೆಗೆದು, ರಟ್ಟಿಗೆ ಅಂಟು ಬಳಿಯುವಾಗ ಅಡಿಗೆ ಹಾಸುತ್ತೇವೆ. ಮಾರ್ಚ್ ನಾಲ್ಕರ ಪೇಪರೂ ಆ ಅಟ್ಟಿಯಲ್ಲೇ ಇತ್ತು. ಅದನ್ನು ಹರಿದುಹಾಕಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಬಿಟ್ಟು ಇಲ್ಲಿ ಓದುವವರು ಯಾರಿದ್ದಾರೆ ಎಂಬ ಜಂಬ. ಮೇ ಇಪ್ಪತ್ತನೇ ತಾರೀಖು ಬೆಳಿಗ್ಗೆ ಅದು ಅತ್ತಿಗೆಯ ರಟ್ಟಿನ ಅಡಿಗೆ ಬಂತು. ಗೆಡ್ಡೆ ಎಂಬ ಪದ ಅವಳಿಗೆ ಈಗ ದೂರದಿಂದಲೇ ಗುರುತು ಸಿಗುತ್ತದೆ, ಆಸ್ಪತ್ರೆಯ ಚೀಟಿಗಳಲ್ಲಿ ಅಷ್ಟು ಸಲ ನೋಡಿದ್ದಾಳೆ. ಅಂಟಿನ ಬ್ರಷ್ಷು ಪಕ್ಕಕ್ಕಿಟ್ಟು ಬೆರಳಿಟ್ಟಳು. ನಾನು ಸ್ಟೂಲಿನ ಮೇಲೆ ಬೇರೆ ಏನೋ ಓದುತ್ತಿದ್ದೆ. ಅವಳ ತುಟಿ ಅಲ್ಲಾಡುತ್ತಿದ್ದುದು ಕಾಣುತ್ತಿತ್ತು. ಏಳೆಂಟು ಸಾಲಿಗೆ ಅರ್ಧ ಗಂಟೆ ತೆಗೆದುಕೊಂಡಿರಬೇಕು.

ಆಮೇಲೆ ಎದ್ದು ಬಂದಳು. ಪೇಪರಿನ ಒಂದು ಮೂಲೆ ಅಂಟಿನಿಂದ ಒದ್ದೆಯಾಗಿತ್ತು. ಇದೇನು ಪದ ಎಂದು ಕೇಳಿದಳು. ಪಂಡಿತಪ್ಪ ಎನ್ನಲಿಲ್ಲ. ನಾನು, ಅದು ಹಳೇ ಪೇಪರು ಅತ್ತಿಗೆ ಎಂದೆ. ಹಳೇದೇ ಇರಲಿ, ಈ ಪದ ಏನು, ನನಗೆ ಇಲಿ ಅಂತ ಕಾಣ್ತಿದೆ, ನನ್ನ ಓದು ತಪ್ಪಿರಬಹುದು, ಗಟ್ಟಿಯಾಗಿ ಓದು ಎಂದಳು. ಕೋಣೆಯಲ್ಲಿ ದಾರ ಎಳೆಯುವ ಸದ್ದೂ ನಿಂತಿತು. ನಾನು ಓದಿದೆ. ಮೊದಲಿನಿಂದ ಕೊನೆಯವರೆಗೆ, ಇಲಿಗಳನ್ನೂ ವರ್ಷಗಳನ್ನೂ ಸೇರಿಸಿ ಓದಿದೆ. ಅದು ನಾಲ್ಕು ನಿಮಿಷದ ಓದು. ಒಲೆಯ ಪಕ್ಕದಿಂದ ಸಿಳ್ಳೆ ಮಾತ್ರ ಬರುತ್ತಿತ್ತು, ಹೋಗುತ್ತಿತ್ತು.

ಮಾರನೇ ದಿನ ಆಸ್ಪತ್ರೆಗೆ ಹೋದರು, ನಾನೂ ಹೋದೆ. ಹತ್ತೊಂಬತ್ತಕ್ಕೆ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರು. ಅತ್ತಿಗೆ ನನ್ನ ಕಡೆ ನೋಡಲಿಲ್ಲ, ಕೈ ಬಿಡುವಿರಲಿಲ್ಲ ಸಾರ್ ಎಂದಳು. ಆಗ ಪೆಟ್ಟಿಗೆಯಲ್ಲಿತ್ತು, ಈಗ ಶ್ವಾಸಕೋಶಕ್ಕೆ ಇಳಿದಿದೆ, ಈಗ ಪೆಟ್ಟಿಗೆ ತೆಗೆದು ಪ್ರಯೋಜನವಿಲ್ಲ ಎಂದರು. ಉಸಿರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಟ್ಟು ಕಳಿಸಿದರು. ಎಷ್ಟು ದಿನ ಎಂದು ಅತ್ತಿಗೆ ಕೇಳಿದ್ದಕ್ಕೆ, ಮಳೆಗಾಲ ದಾಟುವುದು ಕಷ್ಟ ಎಂದರು.

ಈಗ ಅವನು ಮನೆಯಲ್ಲಿದ್ದಾನೆ. ಒಂದು ಕೋಣೆ, ಕಿಟಕಿಗೆ ಎದುರಾಗಿ ಮಂಚ. ನಾವು ಕತ್ತರಿಸಿ ಉಳಿದ ರಟ್ಟಿನ ಚೂರುಗಳನ್ನು ಬ್ಲೇಡು ಒಂದೇ ಅಳತೆಗೆ ಕತ್ತರಿಸಿ ಕಟ್ಟು ಕಟ್ಟಿ ಕೊಟ್ಟಿದ್ದಾನೆ. ಅದರ ಮೇಲೆ ಪೆನ್ಸಿಲಿನಿಂದ ಬರೆಯುತ್ತಾನೆ. ಸಣ್ಣವನಿದ್ದಾಗ ಕಲಿತ ಅಕ್ಷರ ಮರೆತು ಸಹಿ ಮಾತ್ರ ಹಾಕುತ್ತಿದ್ದವನು ಈ ಇಪ್ಪತ್ತು ದಿನದಲ್ಲಿ ಹೆಂಡತಿಯಿಂದ ಅಕ್ಷರ ತಿದ್ದಿಸಿಕೊಂಡಿದ್ದಾನೆ, ಒತ್ತು ಬಿಡುತ್ತಾನೆ, ದೀರ್ಘ ಬಿಡುತ್ತಾನೆ, ಅರ್ಥವಾಗುತ್ತದೆ. ನಾನು ಮುಖ ತೋರಿಸಲಾರದೆ ಮೂರು ದಿನ ಹೋಗಿರಲಿಲ್ಲ. ನಾಲ್ಕನೇ ದಿನ ಅತ್ತಿಗೆಯ ಕೈಲಿ ಒಂದು ರಟ್ಟಿನ ಚೂರು ಕಳಿಸಿದ. ಇಲಿ ಚೆನಾಗಿದಾವಾ, ಎಂದು ಬರೆದಿದ್ದ. ಅದರ ಕೆಳಗೆ, ಪೇಪರು ತಗೊಂಡು ಬಾ.

ಅಂದಿನಿಂದ ಸಂಜೆ ಕೆಲಸ ಮುಗಿಸಿ ಹೋಗುತ್ತೇನೆ. ಸ್ಟೂಲಿಲ್ಲ, ನೆಲದ ಮೇಲೆ ಕೂರುತ್ತೇನೆ. ಅತ್ತಿಗೆ ನನ್ನ ಪಕ್ಕದಲ್ಲಿ ಕೂತು, ನಾನು ಓದುವ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬರುತ್ತಾಳೆ. ಅವಳ ಬೆರಳು ಮುಂದಿನ ಪದಕ್ಕೆ ಹೋಗುವವರೆಗೆ ನಾನು ಹೋಗುವಂತಿಲ್ಲ. ಒಂದು ಸುದ್ದಿಗೆ ಮುಕ್ಕಾಲು ಗಂಟೆ. ಇಪ್ಪತ್ತೆರಡು ವರ್ಷ ಓದಿದವನು ನಾನು ಈಗ ಓದು ಕಲಿಯುತ್ತಿದ್ದೇನೆ. ಹನ್ನೆರಡು ಜನ ಸತ್ತರೆ ಹನ್ನೆರಡು.

ಈಗ ಉಪಕಾರದ ವಿಷಯ. ಹೋದ ವಾರ ಅತ್ತಿಗೆ, ಓದಿದವರಿಗೆ ನಮ್ಮಂಥವರ ಕಾಗದ ಕಣ್ಣಿಗೆ ಬೀಳಲ್ಲ, ನಿಮ್ಮ ಹುಡುಗಿ ಅವತ್ತೇ ಒಂದು ಸಾಲು ಬರೆದು ಹಾಕಿದ್ದರೆ ಇವರು ಹೋಗ್ತಿದ್ದರು ಎಂದಳು. ನಾನು ಪೇಪರು ಮಡಚುತ್ತ ಕೂತಿದ್ದೆ. ಗೋಂದಣ್ಣ ರಟ್ಟಿನ ಮೇಲೆ, ಪಾಪ ಅದಕ್ಕೆ ಕೆಲಸ ಇರುತೆ, ಎಂದು ಬರೆದ. ನಿನ್ನ ಪರವಾಗಿ ಅವನು ಬರೆದ, ನಾನು ಬಾಯಿ ಬಿಡಲಿಲ್ಲ. ಆವತ್ತಿನಿಂದ ಒಂದು ಯೋಚನೆ ತಲೆಯಲ್ಲಿ ಕೂತಿದೆ. ನೀನು ಅವನಿಗೆ ಒಂದು ಕಾಗದ ಬರೆ. ತಡವಾದದ್ದಕ್ಕೆ ಮನ್ನಿಸಿ ಎನ್ನು. ಆಮೇಲೆ, ಅಣ್ಣಾ, ನಾವು ಇಲ್ಲಿ ಎಲ್ಲ ಪರೀಕ್ಷೆ ಮಾಡಿ ನೋಡಿದ್ದೇವೆ, ನಿಮ್ಮದು ಎಂಥ ಜಾತಿಯದು ಎಂದರೆ ಮಾರ್ಚಿನಲ್ಲೇ ಕತ್ತಿ ಹಾಕಿಸಿದ್ದರೂ ಇಷ್ಟೇ ಆಗುತ್ತಿತ್ತು, ಕಾದದ್ದರಿಂದ ನಷ್ಟವೇನೂ ಆಗಿಲ್ಲ ಎಂದು ಬರೆ. ನಿನ್ನ ಆಫೀಸಿನ ಮುದ್ರೆ ಇದ್ದರೆ ಒತ್ತು. ಸಾಯುವವನಿಗೆ ಸಮಾಧಾನ ಸಿಗಲಿ ಎಂಬುದು ಬಿಟ್ಟರೆ ನನಗೆ ಬೇರೆ ಉದ್ದೇಶವಿಲ್ಲ.

ಇಷ್ಟು ಬರೆದು ಮೊನ್ನೆ ನಿಲ್ಲಿಸಿದ್ದೆ. ಇಂದು ಅಂಚೆಗೆ ಹಾಕುವುದಿತ್ತು. ನಿನ್ನೆ ನಡೆದದ್ದನ್ನೂ ಬರೆದುಬಿಡುತ್ತೇನೆ.

ನಿನ್ನೆಯ ಪೇಪರಿನಲ್ಲಿ ಅದೇ ಚುಚ್ಚುಮದ್ದಿನ ಸುದ್ದಿ ಮತ್ತೆ ಬಂದಿತ್ತು. ಈ ಸಲ ನಿಜವಾಗಿಯೇ ಬಂದಿತ್ತು. ಮೊದಲ ಬಾರಿಗೆ ನಲವತ್ತು ಮಂದಿ ಮನುಷ್ಯರ ಮೇಲೆ ಪರೀಕ್ಷೆ ಶುರುಮಾಡುತ್ತಾರಂತೆ. ಹಾರಿಸಲು ಆ ಪುಟವನ್ನೇ ಮಡಚಿಟ್ಟಿದ್ದೆ. ಅತ್ತಿಗೆಯ ಬೆರಳು ಬಿಚ್ಚಿತು. ಓದಿದೆ. ಫಲ ಸಿಗುವುದು ಖಚಿತವಿಲ್ಲ, ಮೂರು ವರ್ಷವಾದರೂ ಬೇಕು ಎಂಬುದನ್ನೂ ಓದಿದೆ. ಗೋಂದಣ್ಣ ರಟ್ಟಿನ ಚೂರೊಂದನ್ನು ಎಳೆದುಕೊಂಡ. ಬರೆದ: ಇದು ನಿಜವಾ, ನನ ಸಮಾಧಾನಕಾ.

ನಾನು ನಿಜ ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಆ ಸಾಲಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದಳು. ಆಗ ನಂಬಿದ. ಇಪ್ಪತ್ತೆರಡು ವರ್ಷ ನನ್ನ ದನಿ ಕೇಳಿದವನು, ಒಂದು ಪದಕ್ಕೆ ಅರ್ಧ ನಿಮಿಷ ತೆಗೆದುಕೊಳ್ಳುವ ಬೆರಳನ್ನು ನಂಬಿದ.

ಇನ್ನೊಂದು ರಟ್ಟು ತೆಗೆದುಕೊಂಡ. ಬರೆಯಲು ಕೈ ಸೋಲುತ್ತದೆ, ನಡುವೆ ಎರಡು ಸಲ ಕೊಳವೆ ಒರೆಸಿಕೊಂಡ. ಆ ನಲವತು ಜನಕೆ ಸರಿಯಾಗಿ ಓದಿ ಹೇಳೋರು ಇರಲಿ, ಎಂದು ಬರೆದು ನನ್ನ ಕೈಗೆ ಕೊಟ್ಟ. ಬೈಗುಳವಲ್ಲ ಜೀರಿಗೆ. ಬೈಗುಳವಾಗಿದ್ದರೆ ಮನೆಗೆ ಬಂದು ಊಟ ಮಾಡಿರುತ್ತಿದ್ದೆ. ಅವನು ಆ ನಲವತ್ತು ಜನರ ಬಗ್ಗೆ ಯೋಚಿಸುತ್ತಿದ್ದ.

ಮನುಕುಲ ಮನುಕುಲ ಎಂದು ನಾನು ಎಷ್ಟು ಸಲ ದನಿ ಏರಿಸಿ ಓದಿದ್ದೇನೆ. ಆ ಪದ ಬಂದರೆ ಸ್ಟೂಲಿನ ಮೇಲೆ ಸ್ವಲ್ಪ ಎದ್ದು ಕೂರುತ್ತಿದ್ದೆ. ನಮ್ಮ ಹದಿನಾಲ್ಕು ಜನರನ್ನೂ ಸೇರಿಸಿಯೇ ಅದನ್ನು ಬರೆದಿದ್ದಾರೆ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಮನುಕುಲಕ್ಕೆ ಅವಸರವಿಲ್ಲ. ಹನ್ನೆರಡು ವರ್ಷ ಕಾಯಬಲ್ಲದು, ನೂರು ವರ್ಷವೂ ಕಾಯಬಲ್ಲದು, ಒಂದು ಇಲಿ ಹೋದರೆ ಇನ್ನೊಂದು ಇಲಿ. ಪೇಪರಿನವರು ಅದಕ್ಕೆ ಸುದ್ದಿ ಬರೆಯುತ್ತಾರೆ, ಸುಳ್ಳೇನೂ ಬರೆಯುವುದಿಲ್ಲ. ಗೋಂದಣ್ಣನಿಗೆ ಹದಿನೈದು ದಿನ ಮಾತ್ರ ಇತ್ತು. ಮನುಕುಲದ ಸುದ್ದಿಯನ್ನು ಅವನ ಸುದ್ದಿ ಮಾಡಿ ಓದಿದವನು ನಾನು. ನಿನ್ನಂಥವರು ಒಂದೊಂದು ಇಲಿಯ ತೂಕವನ್ನೂ ಬಿಡದೆ ಬರೆದಿಡುತ್ತೀರಿ, ಕೊನೆಗೆ ಅದು ನನ್ನಂಥ ಒಬ್ಬನ ಬಾಯಿಯ ಮೂಲಕ ಹಾದು ಜನರ ಕಿವಿ ಸೇರಬೇಕು. ನಿಮ್ಮ ವಿಜ್ಞಾನಕ್ಕೆ ಇದಕ್ಕೂ ಒಂದು ಮದ್ದು ಹುಡುಕಲು ಹೇಳು.

ಅವನು ಇನ್ನೊಂದು ಕೇಳಿದ್ದಾನೆ. ವಾಸಿಯಾದ ಆ ಹದಿನೇಳು ಇಲಿ ಈಗ ಎಲ್ಲಿವೆ ಎಂದು. ನೀನು ನಿನ್ನ ಕಾಗದದಲ್ಲಿ ಬರೆದಿದ್ದೆ, ಒಳಗೆ ಏನಾಯಿತು ಎಂದು ನೋಡಲು ಅವನ್ನೂ ಕೊನೆಯಲ್ಲಿ ಕೊಯ್ಯುತ್ತಾರೆ ಎಂದು. ಇದಕ್ಕೆ ಉತ್ತರ ಹೇಳಬೇಕಾದರೆ ನಿನ್ನ ಕಾಗದ ಬಂದಿತ್ತು ಎಂದು ಹೇಳಬೇಕು.

ಆ ಕಾಗದ ಕಳೆದುಹೋಗಿಲ್ಲ. ಅಷ್ಟೂ ಹೇಳಿಬಿಡುತ್ತೇನೆ. ಯಾವುದೋ ಕಚೇರಿಯ ಹನ್ನೆರಡು ಲೆಕ್ಕದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆವು. ಜೇಬಿನಲ್ಲಿ ಅದು ಸುಡುತ್ತಿತ್ತು. ಹರಿಯಲು ಮನಸ್ಸು ಬರಲಿಲ್ಲ, ನಿನ್ನ ಅಕ್ಷರ. ಒಂದು ಪುಸ್ತಕದ ರಟ್ಟಿನ ಮೇಲೆ ಅದನ್ನು ಬಿಡಿಸಿಟ್ಟು, ಮೇಲೆ ಅಸ್ತರಿನ ಹಾಳೆ ಅಂಟಿಸಿಬಿಟ್ಟೆ. ಅಂಟು ಸಾಲಲಿಲ್ಲ. ಗೋಂದಣ್ಣ ಬ್ರಷ್ಷು ಅದ್ದಿ ತಂದುಕೊಟ್ಟು, ಅಂಚಿಗೆ ಸರಿಯಾಗಿ ಬಳಿ ಪಂಡಿತ, ಎದ್ದುಬರುತ್ತೆ, ಅಂದ. ಸರಿಯಾಗಿಯೇ ಬಳಿದೆ. ಅವನು ಕಾಯಿಸಿದ ಅಂಟು ಎದ್ದುಬರುವುದಿಲ್ಲ. ಆ ಪುಸ್ತಕ ಈಗ ಎಲ್ಲೋ ಒಂದು ಕಪಾಟಿನಲ್ಲಿದೆ, ಯಾರೋ ಅದರಲ್ಲಿ ದಿನಾ ಕೂಡಿ ಕಳೆದು ಬರೆಯುತ್ತಿದ್ದಾರೆ. ನಿನ್ನ ಎರಡು ಗೆರೆ ಅದರ ಹೊದಿಕೆಯೊಳಗಿದೆ.

ಬಿಡುವು ಮುಗಿಯಿತು. ಒಳಗೆ ನನ್ನನ್ನು ಕೂಗುತ್ತಿದ್ದಾರೆ. ಓದಲು ಅಲ್ಲ, ಆ ಸ್ಟೂಲಿನ ಮೇಲೆ ಈಗ ರಟ್ಟಿನ ಕಟ್ಟು ಇಟ್ಟಿದ್ದಾರೆ. ಮಡಚಲು.

ಮೈ ನೋಡಿಕೊ. ನಿಮ್ಮಮ್ಮನಿಗೆ ಇದನ್ನು ತೋರಿಸು, ಬೈಯಲಿ.

ಇತಿ,
ನಿನ್ನ ಸೋದರಮಾವ

ಮರೆತ ಮಾತು: ಮೇಲೆ ಕೇಳಿದ ಕಾಗದ ಬರೆಯಬೇಡ. ಅದನ್ನು ಕೇಳಿದ್ದು ಅವನ ಸಮಾಧಾನಕ್ಕಲ್ಲ, ನನ್ನದಕ್ಕೆ. ಅದರ ಬದಲು ಹಳೆಯ ಕಾಗದವನ್ನೇ ಇನ್ನೊಮ್ಮೆ ಬರೆ, ಹಳೆಯ ತಾರೀಖು ಹಾಕಿ, ಒಂದು ಪದ ಹೆಚ್ಚುಕಡಿಮೆ ಇಲ್ಲದೆ, ಎರಡು ಗೆರೆಯನ್ನೂ ಎಳೆದು. ಅವರ ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇನೆ, ಅತ್ತಿಗೆ ಬೆರಳಿಡಲಿ. ಅಂಚೆಯವನ ಮೇಲೆ ಹಾಕಿದ ದೂರು ಸುಳ್ಳು. ನಿನ್ನ ಕಾಗದ ಬಂದದ್ದು ಮಾರ್ಚ್ ಹದಿಮೂರಕ್ಕೆ, ಆಪರೇಷನ್ನಿಗೆ ಇನ್ನೂ ಆರು ದಿನ ಇತ್ತು. ನಾನು ಬಚ್ಚಿಟ್ಟದ್ದು ಒಂಬತ್ತು ದಿನವಲ್ಲ. ಆ ಹದಿಮೂರರಿಂದ, ಇಲಿ ಎಂಬ ಪದ ಅತ್ತಿಗೆಯ ಬೆರಳಿಗೆ ಸಿಕ್ಕ ಮೇ ಇಪ್ಪತ್ತರವರೆಗೆ, ನಾನು ಕಳೆದದ್ದು ಅರವತ್ತೆಂಟು ದಿನ. ನನ್ನವಲ್ಲ, ಗೋಂದಣ್ಣನವು. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದ್ದೇನೆ, ಒಂದನ್ನೂ ಬಿಟ್ಟಿಲ್ಲ.